ಪಾಪಕ್ಕೆ ನಾನು ಒಪ್ಪಿಕೊಂಡ ಸನ್ನೆ

ಫಾದರ್ ಫೋನ್ ಮಾಡಿದ್ದು ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು ಶುರುವಾಗುವ ಬೂದಿ ಬುಧವಾರದ ಮರುದಿನ ಬೆಳಿಗ್ಗೆ. ನಾನು ಅಲೆವೂರಿನಲ್ಲಿ ಮಣಿಪಾಲದ ಬಸ್ಸಿಗೆ ಕಾಯುತ್ತಿದ್ದೆ.

“ನೀವು ಕಿವುಡರಿಗೆ ಕೈಯಲ್ಲಿ ಹೇಳಿ ಅರ್ಥ ಮಾಡಿಸ್ತೀರಂತೆ ಅಲ್ವಾ? ಇಲ್ಲಿ ಕುಕ್ಕುಂದೂರಿನಲ್ಲಿ ನಮ್ಮ ಒಬ್ಬಳು ಹುಡುಗಿಗೆ ಕುಮ್ಸಾರ್ ಮಾಡಿಸ್ಲಿಕ್ಕುಂಟು. ಈಸ್ಟರ್‌ನ ಮೊದಲು ಆಗ್ಬೇಕು.”

ಕುಮ್ಸಾರ್ ಎಂದರೆ ಕೊಂಕಣಿ ಕೆಥೊಲಿಕರ ಪಾಪನಿವೇದನೆ. ಮಂಡಿಯೂರಿ ಒಂದೊಂದೇ ಪಾಪವನ್ನು ಗುರುಗಳ ಕಿವಿಗೆ ಹೇಳಬೇಕು, ಅವರು ದೇವರ ಹೆಸರಿನಲ್ಲಿ ಕ್ಷಮಿಸುತ್ತಾರೆ. ನಾನು ಪ್ರಾಟೆಸ್ಟೆಂಟ್, ತುಳು ಮನೆಮಾತಿನವಳು. ನಮ್ಮಲ್ಲಿ ಈ ಕ್ರಮವಿಲ್ಲ. ಆದಿತ್ಯವಾರ ಎಲ್ಲರೂ ಒಟ್ಟಿಗೆ ‘ನಾವು ಪಾಪಿಗಳು’ ಎಂದು ಪುಸ್ತಕ ನೋಡಿ ಓದಿ ಮನೆಗೆ ಹೋಗಿ ಊಟ ಮಾಡುತ್ತೇವೆ. ಸನ್ನೆಭಾಷೆಯ ದುಭಾಷಿಯಾಗಿ ಆಸ್ಪತ್ರೆ, ಕಚೇರಿ, ಪೊಲೀಸ್ ಠಾಣೆ ಎಲ್ಲ ನೋಡಿದ್ದೆ, ಕುಮ್ಸಾರ್ ಮಾತ್ರ ನೋಡಿರಲಿಲ್ಲ. ಹೊಸ ಕೆಲಸ ಎಂಬ ಉಮೇದಿನಲ್ಲಿ ಹೂಂ ಎಂದೆ.

‘ಹುಡುಗಿ’ಗೆ ಇಪ್ಪತ್ತೊಂಬತ್ತು ವರ್ಷ ಎಂದು ಅವಳ ಮನೆಗೆ ಹೋದ ಮೇಲೆ ಗೊತ್ತಾಯಿತು. ತಂದೆ ತಾಯಿ ಇಲ್ಲ. ಅಣ್ಣ ಗಲ್ಫ್‌ನಲ್ಲಿದ್ದವನು, ಊರಿಗೆ ಬಂದು ನೆಲೆಸಿ ಎರಡು ವರ್ಷವಾಗಿತ್ತು. ಅತ್ತಿಗೆ, ಎರಡು ಸಣ್ಣ ಮಕ್ಕಳು. ಅಣ್ಣ ಎದ್ದು ನಿಂತು ಕುರ್ಚಿ ಕೊಟ್ಟ, ಫ್ಯಾನ್ ನನ್ನ ಕಡೆ ತಿರುಗಿಸಿದ. ಕೆಟ್ಟವನಂತೆ ಕಾಣಲೇ ಇಲ್ಲ ಮಾರಾಯ್ರೆ. ಕೆಟ್ಟವನಂತೆ ಕಂಡಿದ್ದರೆ ನಾನು ಸ್ವಲ್ಪ ಜಾಗ್ರತೆ ಮಾಡುತ್ತಿದ್ದೆ.

“ನಾಲ್ಕು ಆದಿತ್ಯವಾರ ಚರ್ಚಿನ ಪೂಜೆಗೆ ಅಂತ ಹೊರಟು ಕಾಪುವಿಗೆ ಹೋಗಿದ್ದಾಳೆ,” ಎಂದ. “ಎರಡು ಬಸ್ಸು ಬದಲಾಯಿಸಿ! ಅಲ್ಲಿ ದೀಪಸ್ತಂಭದ ಹತ್ತಿರ ಈ ಕಿವುಡರದ್ದು ಒಂದು ಗುಂಪು ಸೇರ್ತದಂತೆ. ಅಲ್ಲಿನ ಯಾವಳೋ ಒಬ್ಬಳು ಇವಳಿಗೆ ಮಣಿಪಾಲದಲ್ಲಿ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ ಹುಡುಕಿದ್ದಾಳೆ. ಹಾಸ್ಟೆಲ್‌ನಲ್ಲಿ ಇರುವುದಂತೆ. ಪೂಜೆ ತಪ್ಪಿಸಿದ್ದು ಪಾಪ ಅಲ್ವಾ? ನೀವೇ ಹೇಳಿ. ಫೋನ್ ತೆಗೆದಿಟ್ಟಿದ್ದೇನೆ. ಕುಮ್ಸಾರ್ ಮಾಡ್ಲಿ, ಮನಸ್ಸು ಸರಿಯಾಗ್ಲಿ, ಫೋನ್ ಕೊಡ್ತೇನೆ. ಈಸ್ಟರ್ ಕಳೆದು ಕೆಲಸಕ್ಕೂ ಹೋಗ್ಲಿ. ನಾನೆಂತ ರಾಕ್ಷಸನಾ?”

ಅತ್ತಿಗೆ ಚಹಾ ತಂದಿಟ್ಟು, “ಪಾಪ, ಅದಕ್ಕೆ ಎಂತ ಗೊತ್ತಾಗ್ತದೆ,” ಎಂದಳು. ಆ ‘ಅದು’ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನಮ್ಮೆಲ್ಲರ ತುಟಿ ನೋಡುತ್ತಿತ್ತು. ನಾನು ಅವಳ ಕಡೆ ತಿರುಗಿ, ನನ್ನ ಹೆಸರು ಇದು, ಅಲೆವೂರಿನಿಂದ ಬಂದವಳು, ಇವರು ಹೀಗೆ ಹೇಳುತ್ತಿದ್ದಾರೆ ಎಂದು ಕೈಯಲ್ಲಿ ಹೇಳಿದೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು. ಆ ಮನೆಯಲ್ಲಿ ಯಾರೂ ಅವಳಿಗೆ ಪೂರ್ತಿ ಒಂದು ವಾಕ್ಯ ಹೇಳಿ ಎಷ್ಟು ಕಾಲವಾಗಿತ್ತೋ. ಕಾಪುವಿಗೆ ಯಾಕೆ ಹೋದದ್ದು ಎಂದು ಕೇಳಿದೆ. “ಅಲ್ಲಿ ಮಾತಾಡುತ್ತಾರೆ,” ಎಂದಳು. ಚರ್ಚಿನಲ್ಲಿ? “ಎದ್ದು ನಿಲ್ಲುತ್ತಾರೆ, ಕೂರುತ್ತಾರೆ. ನಾನೂ ನಿಲ್ಲುತ್ತೇನೆ, ಕೂರುತ್ತೇನೆ.”

ಪಾಠ ಪ್ರತಿ ಶನಿವಾರ ಬೆಳಿಗ್ಗೆ, ಚರ್ಚಿನ ಸಭಾಭವನದಲ್ಲಿ. ಕಿಟಕಿಯ ಬೆಳಕು ನನ್ನ ಮುಖದ ಮೇಲೆ, ನನ್ನ ಕೈಗಳ ಮೇಲೆ ಬೀಳುವಂತೆ ಕುರ್ಚಿ ಹಾಕಿಕೊಳ್ಳಬೇಕು. ಬೆಳಕು ಬೆನ್ನಿಗೆ ಬಂದರೆ ನಾನು ಅವಳಿಗೆ ಬರೀ ನೆರಳು. ಅವಳು ಕಿವುಡರ ಶಾಲೆಯಲ್ಲಿ ಏಳನೆಯವರೆಗೆ ಓದಿ, ಆಮೇಲೆ ಮನೆಯಲ್ಲೇ ಉಳಿದವಳು. ಶಾಲೆಯ ಸನ್ನೆ ಅರ್ಧ ಮರೆತಿತ್ತು, ಕಾಪುವಿನಲ್ಲಿ ಸ್ವಲ್ಪ ಮರಳಿ ಬಂದಿತ್ತು. ಉಳಿದದ್ದು ಅವಳೂ ಅವಳ ತಾಯಿಯೂ ಸೇರಿ ಮಾಡಿಕೊಂಡ ಮನೆಸನ್ನೆ. ಇಂಥವರ ಜೊತೆ ಕೆಲಸ ಮಾಡುವಾಗ ಮೊದಲು ಅವರ ಶಬ್ದಗಳನ್ನು ಕಲಿಯಬೇಕು, ಆಮೇಲೆ ನಮ್ಮದನ್ನು ಕೊಡಬೇಕು. ಇದು ನಾನೇ ಹೊಸಬರಿಗೆ ಹೇಳಿಕೊಡುವ ನಿಯಮ.

ದೇವರು, ಯೇಸು, ಶಿಲುಬೆ ಎಲ್ಲ ಸುಲಭ. ಗೋಡೆಯ ಮೇಲೆಯೇ ಉಂಟು. ಪಾಪ ಎಂಬಲ್ಲಿ ಸಿಕ್ಕಿಬಿದ್ದೆವು. ಬೆರಳಿನಲ್ಲಿ ಅಕ್ಷರ ಬರೆದು ತೋರಿಸಿದೆ, ಗೊತ್ತಾಗಲಿಲ್ಲ. ಲೆಕ್ಕದಲ್ಲಿ ತಪ್ಪು ಮಾಡಿದ ಚಿತ್ರ ಬರೆದೆ. “ಲೆಕ್ಕ ಬರುವುದಿಲ್ಲ,” ಎಂದಳು. ಕದಿಯುವವನ ಚಿತ್ರ ಬರೆದೆ, “ಕಳ್ಳ,” ಎಂದಳು. ಎರಡು ಶನಿವಾರ ಹೀಗೆಯೇ ಹೋಯಿತು. ಮೂರನೆಯದರಲ್ಲಿ ನಾನು ಒಂದು ನಾಟಕ ಆಡಿದೆ. ಒಂದು ಮಗು ಹಾಲಿನ ಪಾತ್ರೆ ಉರುಳಿಸುತ್ತದೆ, ತಾಯಿ ಬರುತ್ತಾಳೆ, ಮಗು ಹೆದರಿ ಮುಖ ಸಣ್ಣ ಮಾಡುತ್ತದೆ. ಇದು, ಮಗು ಮಾಡಿದ್ದು, ಇದಕ್ಕೆ ನೀನು ಎಂತ ಹೇಳುತ್ತೀ?

ಅವಳು ತಟ್ಟನೆ ಬಲ ಅಂಗೈಯನ್ನು ತನ್ನ ಕೆನ್ನೆಗೆ ತಂದು ತಾಗಿಸಿದಳು. ಅಷ್ಟೇ.

ತಾಯಿ ಕೊಟ್ಟ ಶಬ್ದ ಎಂದು ನನಗೆ ಗೊತ್ತಾಯಿತು. ‘ಹಾಗೆ ಮಾಡ್ಬೇಡ, ಅಪ್ಪ ಹೊಡೀತಾರೆ’ ಎಂದು ನಮ್ಮ ತಾಯಂದಿರು ಹೇಳುವುದಿಲ್ಲವೇ, ಅದು. ತಪ್ಪು ಎಂದರೆ ಕೆನ್ನೆ. ಸಿಕ್ಕಿತಲ್ಲ ಎಂದು ಖುಷಿಯಾಯಿತು. ಈಸ್ಟರ್‌ಗೆ ನಾಲ್ಕೇ ಶನಿವಾರ ಉಳಿದಿತ್ತು. ಒಂದೇ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದ್ದರೆ ಸಾಕಿತ್ತು. ಪಾತ್ರೆ ಉರುಳಿದ್ದು ಯಾರಿಗೂ ಕಾಣಲಿಲ್ಲ, ಯಾರೂ ಹೊಡೆಯಲಿಲ್ಲ, ಆಗ ಅದಕ್ಕೆ ಎಂತ ಹೇಳುತ್ತೀ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವದವಳು ನಾನು!

ಕ್ಷಮೆಗೆ ಒಂದು ಅಂಗೈಯಿಂದ ಇನ್ನೊಂದು ಅಂಗೈಯನ್ನು ಒರೆಸಿಹಾಕುವ ಸನ್ನೆ ಕಲಿಸಿದೆ. ಹಲಗೆ ಒರೆಸಿದ ಹಾಗೆ. ಅದನ್ನು ಅವಳು ಕೂಡಲೇ ಹಿಡಿದುಕೊಂಡಳು. ಆಮೇಲೆ ಇಡೀ ವಾಕ್ಯ ಹೇಳಿದೆ: ದೇವರು, ಕೆನ್ನೆ, ಒರೆಸಿಹೋಯಿತು. ಅವಳು ಅದನ್ನೇ ತನ್ನ ಕೈಯಲ್ಲಿ ಒಮ್ಮೆ ಮಾಡಿ ನೋಡಿದಳು.

“ಎಲ್ಲವೂ?” ಎಂದು ಕೇಳಿದಳು.

“ಎಲ್ಲವೂ.”

“ಅಣ್ಣ?”

ಅಣ್ಣನನ್ನೂ ದೇವರು ಕ್ಷಮಿಸುತ್ತಾನಾ ಎಂದು ಕೇಳುತ್ತಿದ್ದಾಳೆ ಅಂದುಕೊಂಡೆ. ಎಂತ ಒಳ್ಳೆಯ ಮನಸ್ಸು ಮಾರಾಯ್ತಿ ಇವಳದ್ದು ಎಂದು ನನ್ನ ಕಣ್ಣು ಒದ್ದೆಯಾಯಿತು. “ಹೌದು, ಅಣ್ಣನದ್ದೂ,” ಎಂದೆ.

ಮುಂದಿನ ಶನಿವಾರ ಪಾಪಗಳ ಪಟ್ಟಿ ಮಾಡಿದೆವು. ಮಾತು ಬಾರದವರಿಗೆ ಕಾಗದ ನೋಡಿ ಹೇಳುವ ಅನುಕೂಲ ಇರಲಿ ಎಂದು ಫಾದರ್ ಒಪ್ಪಿದ್ದರು. ಅವಳು ಒಂದೊಂದು ಘಟನೆಗೂ ಒಂದು ಸಣ್ಣ ಚಿತ್ರ ಬರೆದಳು. ಹನ್ನೊಂದು ಚಿತ್ರ. ಬಸ್ಸು ಮತ್ತು ಸಮುದ್ರ, ಅದು ಕಾಪು. ಸಾವಿನ ಮನೆಯಲ್ಲಿ ಗಟ್ಟಿಯಾಗಿ ನಕ್ಕದ್ದು. ತನ್ನ ಧ್ವನಿ ತನಗೆ ಕೇಳುವುದಿಲ್ಲವಲ್ಲ. ಕುಕ್ಕರಿನ ಸೀಟಿ ಗೊತ್ತಾಗದೆ ಬೇಳೆ ಸುಟ್ಟದ್ದು. ಕರೆದಾಗ ತಿರುಗಿ ನೋಡದೇ ಇದ್ದದ್ದು. ಬೈಕಿನ ಸೈಲೆನ್ಸರಿಗೆ ಕಾಲು ತಾಗಿ ಗುಳ್ಳೆ ಎದ್ದದ್ದು.

ಗುಳ್ಳೆ ಎದ್ದದ್ದು ಪಾಪ ಹೇಗೆ ಎಂದು ಕೇಳಿದೆ. ಅವಳು ಕೆನ್ನೆ ಮುಟ್ಟಿ ತೋರಿಸಿದಳು. ಹೌದು ಇದೂ, ಎಂಬಂತೆ. ನಾನು ನಕ್ಕು, ಇರಲಿ ಎಂದೆ. ಮುಗ್ಧೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ನನಗೆ ಈಗಲೂ ಮೈ ಉರಿಯುವುದು ಆ ನಗು ನೆನಪಾದಾಗ. ಹನ್ನೊಂದು ಚಿತ್ರ ಕಣ್ಣೆದುರು ಇಟ್ಟುಕೊಂಡು ಓದಲು ಬಾರದವಳು ನಾನು, ಅವಳಲ್ಲ.

ಕೊನೆಯ ಪಾಠದಲ್ಲಿ ಅಭ್ಯಾಸ. ನಾನೇ ಫಾದರ್ ಆಗಿ ಕೂತೆ. ಕೊನೆಗೆ ಅವರು ಹೀಗೆ ನಿನ್ನ ತಲೆಯ ಮೇಲೆ ಕೈ ಎತ್ತುತ್ತಾರೆ ಎಂದು ತೋರಿಸಲು ಕೈ ಎತ್ತಿದೆ. ಅವಳು ಕಣ್ಣು ಬಿಗಿಯಾಗಿ ಮುಚ್ಚಿ ಭುಜ ಮೇಲೆತ್ತಿದಳು. ಭಕ್ತಿ ಅಂದುಕೊಂಡೆ.

ಕುಮ್ಸಾರಿನ ಗೂಡು ಕತ್ತಲೆ, ಅಲ್ಲಿ ಕೈ ಕಾಣುವುದಿಲ್ಲ. ಹಾಗಾಗಿ ಚರ್ಚಿನ ಪಕ್ಕದ ಕೋಣೆಯಲ್ಲಿ ಕಿಟಕಿಯ ಹತ್ತಿರ ಏರ್ಪಾಡು. ಫಾದರ್ ನನ್ನನ್ನು ಮೊದಲು ಹೊರಗೆ ಕರೆದು, “ಒಳಗಿನದ್ದು ಒಂದು ಶಬ್ದ ಹೊರಗೆ ಹೋಗ್ಲಿಕ್ಕಿಲ್ಲ. ನನಗೆ ಹೇಗೋ ಹಾಗೆ ನಿಮಗೂ,” ಎಂದರು. ಮಾತು ಕೊಟ್ಟೆ. ಆದ್ದರಿಂದ ಒಳಗಿನದನ್ನು ಇಲ್ಲಿ ಬರೆಯುವುದಿಲ್ಲ. ಇಲ್ಲಿ ಬರೆದದ್ದೆಲ್ಲ ಪಾಠದ ದಿನಗಳದ್ದು ಮತ್ತು ಆಮೇಲಿನದ್ದು.

ಹೊರಗೆ ಬಂದಾಗ ಅವಳು ಕುಣಿಯುವುದೊಂದು ಬಾಕಿ. ಅಂಗಳದಲ್ಲಿ ಕಾಯುತ್ತಿದ್ದ ಅಣ್ಣನ ಹತ್ತಿರ ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು. ಅವನ ಕಣ್ಣಲ್ಲೂ ನೀರು. ಅತ್ತಿಗೆ ನನಗೆ ಒಂದು ಡಬ್ಬಿ ತುಂಬ ಎಣ್ಣೆಯಲ್ಲಿ ಕರಿದ ಸಿಹಿ ಕಲ್‌ಕಲ್ ಕೊಟ್ಟಳು. ಜೀವಮಾನದಲ್ಲಿ ಇಷ್ಟು ಚಂದದ ಕೆಲಸ ಮಾಡಿರಲಿಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಈಸ್ಟರ್ ಕಳೆದ ಮೂರನೇ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಅವಳು ಮಣಿಪಾಲದ ನನ್ನ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ವಿಳಾಸ ಬರೆದುಕೊಟ್ಟಿದ್ದೆ. ಚಪ್ಪಲಿ ಮನೆಯೊಳಗೆ ಹಾಕುವಂಥದ್ದು. ಎಡಗೆನ್ನೆ ಬಾತುಕೊಂಡಿತ್ತು. ಕೂರು ಎಂದರೆ ಕೂರಲಿಲ್ಲ.

“ನೀನು ಸುಳ್ಳಿ,” ಎಂದಳು.

ಫೋನ್ ಕೇಳಿದ್ದಳಂತೆ. ಅಣ್ಣ ಕೊಡಲಿಲ್ಲ. ಮತ್ತೆ ಕೇಳಿದಳು. ಮೂರನೇ ಸಲ ಕಪಾಟಿಗೆ ಕೈ ಹಾಕಿದಳು. ಆಗ ಬಿತ್ತು. ಅದನ್ನು ಹೇಳಿ, ನನ್ನ ಮುಖದ ಹತ್ತಿರ ಬಂದು, ನಾನು ಕಲಿಸಿದ ವಾಕ್ಯವನ್ನು ನನಗೇ ಒಪ್ಪಿಸಿದಳು. ದೇವರು, ಕೆನ್ನೆ, ಒರೆಸಿಹೋಯಿತು. “ನೀನು ಹೇಳಿದ್ದು. ಎಲ್ಲವೂ ಎಂದೆ. ಅಣ್ಣನದ್ದೂ ಎಂದೆ. ನಾನು ಹೋದೆ. ಮತ್ತೆ ಯಾಕೆ ಹೊಡೆದ?”

ಆಗ ಗೊತ್ತಾಯಿತು. ಅಯ್ಯೋ ದೇವರೇ, ಆಗ ಗೊತ್ತಾಯಿತು. ಅವಳ ಶಬ್ದಕ್ಕೆ ತಪ್ಪು ಎಂಬ ಅರ್ಥ ಇರಲೇ ಇಲ್ಲ. ಅದು ಏಟು, ಏಟು ಮಾತ್ರ. ಅವಳ ತಾಯಿ ಕೊಟ್ಟದ್ದು ಅಷ್ಟೇ, ಅಣ್ಣ ಬೆಳೆಸಿದ್ದೂ ಅಷ್ಟೇ. ಆರು ವಾರ ನಾನು ಅವಳಿಗೆ ಹೇಳಿದ್ದು ಇದು: ನಿನಗೆ ಬಿದ್ದ ಏಟುಗಳನ್ನೆಲ್ಲ ಫಾದರ್‌ಗೆ ಹೇಳು, ದೇವರು ಅದನ್ನು ನಿಲ್ಲಿಸುತ್ತಾನೆ, ಅಣ್ಣ ಕೊಡುವುದನ್ನೂ. ಅವಳು ನಂಬಿ ಹೋದಳು. ಆ ಪಟ್ಟಿ ಪಾಪದ ಪಟ್ಟಿ ಆಗಿರಲೇ ಇಲ್ಲ. ಏಟು ಬಿದ್ದ ದಿನಗಳ ದೂರಿನ ಪಟ್ಟಿಯಾಗಿತ್ತು. ಅದಕ್ಕೆ ನಾನು ಪಾಪ ಎಂದು ಹೆಸರು ಕೊಟ್ಟಿದ್ದೆ.

ಲಾಂಡ್ರಿ ಕೆಲಸ ಹುಡುಕಿಕೊಟ್ಟ ಕಾಪುವಿನ ಸ್ನೇಹಿತೆಗೆ ಸುದ್ದಿ ಕಳಿಸಿ, ಅವಳು ಬಂದು ಇವಳನ್ನು ಕರೆದುಕೊಂಡು ಹೋದ ಮೇಲೆ ನಾನು ಫಾದರ್‌ನ ಹತ್ತಿರ ಹೋದೆ. ಒಳಗಿನ ಮಾತು ತೆಗೆಯುವಂತಿಲ್ಲ. ಪಾಠದಲ್ಲಿ ನಾನು ಮಾಡಿದ ತಪ್ಪನ್ನು ಮಾತ್ರ ಹೇಳಿದೆ. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಕೆಟ್ಟವರಲ್ಲ ಅವರೂ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಬಾತ ಕೆನ್ನೆ ಮಾತ್ರ ಉಂಟು.

“ದೇವರಿಗೆ ಗೊತ್ತಾಗ್ತದೆ, ಅದರ ಬಗ್ಗೆ ನೀವು ಹೆದರ್ಬೇಡಿ,” ಎಂದರು. “ಅಣ್ಣನನ್ನು ನಾನು ಕರೆಸ್ತೇನೆ. ಕ್ಷಮೆ ಕೇಳ್ತಾನೆ. ಅವಳು ಕ್ಷಮಿಸ್ಲಿ. ಮನೆಯೊಳಗಿನ ವಿಷಯ, ದೊಡ್ಡದು ಮಾಡುವುದು ಬೇಡ.”

“ಕ್ಷಮಿಸಿದ ಮೇಲೆ ಫೋನ್ ಕೊಡ್ತಾನಾ ಫಾದರ್?”

“ಎಲ್ಲ ನಿಧಾನಕ್ಕೆ ಸರಿಯಾಗ್ತದೆ.”

ಲಾಂಡ್ರಿಯವರು ನಿಧಾನಕ್ಕೆ ಕಾಯುವವರಲ್ಲ. ಬರುವ ಸೋಮವಾರ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಅವಳ ಆಧಾರ್ ಕಾರ್ಡೂ ಫೋನೂ ಅಣ್ಣನ ಕಪಾಟಿನಲ್ಲಿ. ಅವನು ಕೊಡಬೇಕಾದರೆ ಮನೆಗೆ ಹೋಗಬೇಕು, ಹೋಗಬೇಕಾದರೆ ಕ್ಷಮಿಸಬೇಕು. ಇದಕ್ಕೆ ಅವರೆಲ್ಲ ಇಟ್ಟ ಹೆಸರು ಸಮಾಧಾನ.

ಶುಕ್ರವಾರ ಸಭಾಭವನದಲ್ಲಿ ಕೂತೆವು. ಫಾದರ್, ಅಣ್ಣ, ಅತ್ತಿಗೆ ಒಂದು ಕಡೆ. ದುಭಾಷಿ ಮಾತಾಡುವವರ ಪಕ್ಕದಲ್ಲಿ ಕೂರಬೇಕು, ಆಗ ಕಿವುಡರಿಗೆ ಇಬ್ಬರ ಮುಖವೂ ಒಟ್ಟಿಗೆ ಕಾಣುತ್ತದೆ. ಹಾಗಾಗಿ ನಾನು ಅಣ್ಣನ ಪಕ್ಕ, ಅವಳು ಎದುರು, ಅವಳ ಪಕ್ಕದಲ್ಲಿ ಕಾಪುವಿನ ಸ್ನೇಹಿತೆ. ಅವಳು ಏನು ಹೇಳಿದರೂ ನಾನು ‘ನಾನು’ ಎಂದೇ ಹೇಳಬೇಕು, ‘ಅವಳು ಹೇಳುತ್ತಾಳೆ’ ಎನ್ನುವಂತಿಲ್ಲ. ಇದನ್ನೆಲ್ಲ ಮೊದಲೇ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು.

ಅಣ್ಣ ನೆಲ ನೋಡಿಕೊಂಡು, “ಆಯ್ತು, ತಪ್ಪಾಯ್ತು. ಕೋಪ ಬಂತು. ಕ್ಷಮಿಸು,” ಎಂದ. ಹೇಳಿದೆ.

ಫಾದರ್ ನನ್ನ ಕಡೆ ನೋಡಿ, ತಮ್ಮ ಅಂಗೈಯನ್ನು ಇನ್ನೊಂದು ಅಂಗೈಯಿಂದ ಒರೆಸಿ ತೋರಿಸಿದರು. ಪಾಠದ ದಿನಗಳಲ್ಲಿ ನೋಡಿ ಕಲಿತಿದ್ದರು. “ಇದನ್ನು ಮಾಡ್ಲಿಕ್ಕೆ ಹೇಳಿ ಅವಳಿಗೆ,” ಎಂದರು.

ಹೇಳುವುದು ನನ್ನ ಕೆಲಸ. ಇದುವರೆಗೆ ಎಷ್ಟೋ ಕಡೆ ಹೀಗೆ ಹೇಳಿದ್ದೇನೆ. ಠಾಣೆಯಲ್ಲಿ ಸಹಿ ಹಾಕು ಎಂದಿದ್ದೇನೆ, ಆಸ್ಪತ್ರೆಯಲ್ಲಿ ಹೂಂ ಎನ್ನು ಎಂದಿದ್ದೇನೆ. ನಮ್ಮ ಬಾಯಿ ನಮ್ಮದಲ್ಲ ಎಂಬ ನಿಯಮ ಒಳ್ಳೆಯ ಕೊಡೆ, ಅದರ ಅಡಿಯಲ್ಲಿ ಮೈ ಒದ್ದೆಯಾಗುವುದಿಲ್ಲ. ಅವತ್ತು ನನಗೆ ಸಾಕಾಯಿತು.

“ಒಂದು ನಿಮಿಷ. ಈಗ ನಾನು ನನ್ನದೇ ಮಾತು ಹೇಳ್ತಿದ್ದೇನೆ, ದುಭಾಷಿಯಾಗಿ ಅಲ್ಲ,” ಎಂದು ಕನ್ನಡದಲ್ಲಿ ಹೇಳಿ, ಅದನ್ನೇ ಕೈಯಲ್ಲೂ ಹೇಳಿದೆ. ಆಮೇಲೆ ಅವಳಿಗೆ ಹೇಳಿದೆ: ನಾನು ನಿನಗೆ ತಪ್ಪು ಕಲಿಸಿದೆ. ಹೊಡೆಸಿಕೊಂಡದ್ದು ಪಾಪವಲ್ಲ. ಬೇಳೆ ಸುಟ್ಟದ್ದಲ್ಲ, ಕಾಲು ಸುಟ್ಟದ್ದಲ್ಲ. ಹೊಡೆದ ಕೈಯದ್ದು ಪಾಪ. ನನ್ನದೂ ಒಂದು ಉಂಟು, ನಿನ್ನನ್ನು ಕೇಳದೆ ಮುಂದೆ ಹೋದದ್ದು. ಈಗ ಅಣ್ಣ ನಿನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾನೆ. ಕೊಡುವುದೂ ಬಿಡುವುದೂ ನಿನ್ನ ಇಷ್ಟ.

“ಎಂತ ಹೇಳಿದ್ದು ನೀವು?” ಎಂದರು ಫಾದರ್. ಒಂದು ಶಬ್ದ ಬಿಡದೆ ಕನ್ನಡದಲ್ಲಿ ಹೇಳಿದೆ.

ಅವಳು ಕೈ ಎತ್ತಿದಳು. ನಾನು ಮತ್ತೆ ದುಭಾಷಿಯಾದೆ.

“ನಾನು ಕ್ಷಮಿಸುವುದಿಲ್ಲ,” ಎಂದೆ.

“ಯಾರು ಹೇಳ್ತಿರುವುದು ಇದು, ನೀವಾ ಅವಳಾ?” ಅಣ್ಣ ಎದ್ದುನಿಂತ. “ಇದಕ್ಕೆ ಇಷ್ಟೆಲ್ಲ ಬರುವುದಿಲ್ಲ ಫಾದರ್! ಪ್ರಾಟೆಸ್ಟೆಂಟ್ ಸಭೆಯವರನ್ನು ತಂದು ಮನೆ ಹಾಳು ಮಾಡಿಸಿದ ಹಾಗಾಯ್ತು!”

ಅದನ್ನೂ ಅವಳಿಗೆ ಹೇಳಿದೆ. ಅವಳು ಅವನನ್ನೇ ನೇರ ನೋಡಿ, ಯಾರಿಗಾದರೂ ಅರ್ಥವಾಗುವಂತೆ ನಿಧಾನವಾಗಿ ತಲೆ ಅಡ್ಡಡ್ಡ ಆಡಿಸಿದಳು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಫಾದರ್ ಮೆಲ್ಲನೆ, “ಕ್ರೈಸ್ತರು ಕ್ಷಮಿಸ್ಲೇಬೇಕು ಮಗಾ. ಪ್ರಾರ್ಥನೆಯಲ್ಲಿ ನಾವು ಅದನ್ನೇ ಹೇಳುವುದಲ್ವಾ,” ಎಂದರು. ಹೇಳಿದೆ. ಅವಳು ಯೋಚಿಸಿದಳು. ಆಮೇಲೆ ಅವರನ್ನೇ ಕೇಳಿದಳು: “ಕ್ಷಮಿಸದಿದ್ದರೆ ನೀವು ಹೊಡೆಯುತ್ತೀರಾ?”

ಆ ಪ್ರಶ್ನೆಯನ್ನು ಹಾಗೆಯೇ, ನನ್ನದೇ ಎಂಬಂತೆ, ಅವರಿಗೆ ಮುಟ್ಟಿಸಿದೆ. ಫಾದರ್ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. “ಇಲ್ಲ,” ಎಂದರು. “ಇಲ್ಲ ಮಗಾ. ಯಾರೂ ಹೊಡೆಯುವುದಿಲ್ಲ.”

“ದೇವರು?”

“ದೇವರೂ ಇಲ್ಲ.”

“ಹಾಗಾದರೆ ಇಲ್ಲ,” ಎಂದಳು. “ನನ್ನ ಫೋನ್ ಕೊಡಿ. ಕಾರ್ಡ್ ಕೊಡಿ.”

ಅಣ್ಣ ಕೊಡಲಾರೆ ಎಂದು ಹೊರಟೇಬಿಟ್ಟ. ಫಾದರ್ ಅವನ ಹಿಂದೆ ಹೋದರು. ಅಂಗಳದಲ್ಲಿ ಕೊಂಕಣಿಯಲ್ಲಿ ಜೋರು ಮಾತಾಯಿತು, ನನಗೆ ಪೂರ್ತಿ ಗೊತ್ತಾಗಲಿಲ್ಲ. ಒಂದು ಗಂಟೆಯ ಮೇಲೆ ಫಾದರ್ ಸ್ವತಃ ಸ್ಕೂಟರಿನಲ್ಲಿ ಹೋಗಿ ಎರಡನ್ನೂ ತಂದು ಅವಳ ಕೈಯಲ್ಲಿ ಇಟ್ಟರು. ಆ ಉಪಕಾರ ಹೇಳದೆ ಇರಬಾರದು. ನನ್ನ ಕಡೆ ತಿರುಗಿ ಮಾತ್ರ, “ನೀವು ಹಾಗೆ ಮಾಡ್ಬಾರದಿತ್ತು. ಮುಂದಕ್ಕೆ ನಾವು ಬೇರೆ ಯಾರನ್ನಾದರೂ ನೋಡ್ತೇವೆ,” ಎಂದರು. ಆಯ್ತು ಎಂದೆ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ದುಭಾಷಿ ಹಾಗೆ ಮಾಡಬಾರದು. ಆದರೆ ಮೊದಲ ಆರು ವಾರ ನಾನು ಮಾಡಿದ್ದಕ್ಕೆ ಯಾರೂ ನನ್ನನ್ನು ಬೈದಿರಲಿಲ್ಲ. ಕಲ್‌ಕಲ್ ಕೊಟ್ಟಿದ್ದರು.

ಅವಳು ಸೋಮವಾರ ಲಾಂಡ್ರಿಗೆ ಸೇರಿದಳು. ಅಣ್ಣ ಊರಿಡೀ ನನ್ನ ಹೆಸರು ಹೇಳಿಕೊಂಡು ತಿರುಗಿದ. ಕ್ಷಮಿಸುವುದಕ್ಕೆ ಬಾರದವಳು ಕ್ರೈಸ್ತಳೇ ಅಲ್ಲ ಎಂದು ನಮ್ಮ ಸಭೆಯವರೇ ಒಬ್ಬರು ನನ್ನ ಮುಖಕ್ಕೆ ಹೇಳಿದರು. ಹೊಡೆಯುವವನು? ಎಂದು ಕೇಳಿದೆ. “ಅವನು ಕೇಳಿದನಲ್ಲ ಕ್ಷಮೆ,” ಎಂದರು. ಕೇಳಿದ ಕೂಡಲೇ ಕೆಲಸ ಮುಗಿಯಿತು ಎಂದು ನಮ್ಮಲ್ಲಿ ಎಲ್ಲರಿಗೂ ಎಂಥ ನಂಬಿಕೆ!

ಆ ನಂಬಿಕೆಗೆ ನಗುವ ಹಕ್ಕು ನನಗೂ ಇರಲಿಲ್ಲ. ಮೇ ತಿಂಗಳ ಒಂದು ಸಂಜೆ, ಅವಳ ಪಾಳಿ ಮುಗಿಯುವ ಹೊತ್ತಿಗೆ ಲಾಂಡ್ರಿಯ ಗೇಟಿನ ಹತ್ತಿರ ಹೋಗಿ ನಿಂತೆ. ಬಂದಳು. ಕೈ ಸೋಪಿಗೆ ಬೆಳ್ಳಗಾಗಿತ್ತು. ಎರಡು ರಾತ್ರಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನ್ನು ಹೇಳಿದೆ: ನಾನು ತಪ್ಪು ಮಾಡಿದೆ, ಅದರಿಂದ ನಿನಗೆ ಪೆಟ್ಟಾಯಿತು, ನನ್ನನ್ನು ಕ್ಷಮಿಸು. ತಪ್ಪಿಗೆ ಈಗ ಬೇರೆ ಸನ್ನೆ, ಕಾಪುವಿನವರು ಅವಳಿಗೆ ಕಲಿಸಿದ್ದು.

ಅವಳು ಪೂರ್ತಿ ನೋಡಿದಳು. ಅವಸರ ಮಾಡಲಿಲ್ಲ. ಹೌದು ಎಂದೇ ಹೇಳುತ್ತಾಳೆ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಸತ್ಯ ಹೇಳಬೇಕಲ್ಲ, ಹೌದು ಎಂದಾಗ ಹೇಗೆ ತಬ್ಬಿಕೊಳ್ಳುವುದು ಎಂದೂ ಯೋಚಿಸಿದ್ದೆ.

“ಇಲ್ಲ,” ಎಂದಳು. ಸಿಟ್ಟಿಲ್ಲದೆ, ಬಸ್ಸು ಇದಲ್ಲ ಎನ್ನುವ ಹಾಗೆ. ಆಮೇಲೆ, “ಗುರುವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಲಿಕ್ಕುಂಟು. ನೀನು ಬಾ, ಅವರು ಮಾಸ್ಕ್ ಹಾಕುತ್ತಾರೆ, ತುಟಿ ಕಾಣುವುದಿಲ್ಲ,” ಎಂದಳು.

ಹೋದೆ. ಆಮೇಲೂ ಎಷ್ಟೋ ಸಲ ಹೋಗಿದ್ದೇನೆ. ಪ್ರತಿ ಸಲವೂ ಹೇಳುವುದೆಲ್ಲ ಹೇಳಿ ಮುಗಿದ ಮೇಲೆ, “ಇದು ನಿನಗೆ ಅರ್ಥವಾದದ್ದು ಹೇಗೆ, ನನಗೆ ತಿರುಗಿ ಹೇಳು,” ಎಂದು ಕೇಳುತ್ತೇನೆ, ಅವಳು ಹೇಳುತ್ತಾಳೆ. ಕ್ಷಮೆಯನ್ನು ಅವಳು ಇನ್ನೂ ಕೊಟ್ಟಿಲ್ಲ. ನಾನು ಮತ್ತೆ ಕೇಳಿಯೂ ಇಲ್ಲ.